ಯಾರೂ ಮುಟ್ಟದೆ ಕೆಟ್ಟಿದ್ದು

2025ರ ಜುಲೈ 14. ಪುನರ್ವಸು ಮಳೆ ಬಿಡದೆ ಹಿಡಿದಿತ್ತು. ಹೊಸನಗರದ ಕಡೆಯ ನಮ್ಮ ಹಳ್ಳಿಯಲ್ಲಿ ಆ ಮಳೆಯಲ್ಲಿ ಕರೆಂಟ್ ಹೋದರೆ ಸುದ್ದಿಯಲ್ಲ, ಬಂದರೆ ಸುದ್ದಿ. ಹಿಂದಿನ ರಾತ್ರಿ ಹತ್ತಕ್ಕೆ ಬಂದದ್ದು ಬೆಳಗಿನವರೆಗೂ ಹೋಗಲಿಲ್ಲ. ಆ ಧೈರ್ಯದ ಮೇಲೆ ನಾನು ರಾತ್ರಿಯಿಡೀ ಪ್ಯಾಕೇಜ್ ಬಿಲ್ಡ್‌ಗಳನ್ನು, ಅಂದರೆ ಮೂಲ ಕೋಡಿನಿಂದ ಸಾಫ್ಟ್‌ವೇರ್ ಕಟ್ಟುವ ಕೆಲಸವನ್ನು, ಓಡಲು ಬಿಟ್ಟು ಮಲಗಿದ್ದೆ.

ಡೆಬಿಯನ್ ಅನ್ನೋದು ಲಿನಕ್ಸ್‌ನ ಒಂದು ಡಿಸ್ಟ್ರಿಬ್ಯೂಷನ್, ಅಂದರೆ ಕಂಪ್ಯೂಟರ್ ನಡೆಸುವ ವ್ಯವಸ್ಥೆ ಮತ್ತು ಅದರ ಸಾಫ್ಟ್‌ವೇರ್‌ಗಳನ್ನು ಒಟ್ಟು ಮಾಡಿ ಕೊಡುವಂಥದ್ದು. 1993ರಲ್ಲಿ ಶುರುವಾಗಿದ್ದು. ಇವತ್ತಿಗೂ ಅದನ್ನು ಕಟ್ಟೋದು ಹೆಚ್ಚಾಗಿ ಸಂಬಳವಿಲ್ಲದ ಜನ. ಅದರ 13ನೇ ಆವೃತ್ತಿ 'ಟ್ರಿಕ್ಸಿ' ಆಗಸ್ಟ್‌ನಲ್ಲಿ ಬರೋದಿತ್ತು. ಬಿಡುಗಡೆಗೆ ಮುಂಚೆ ಒಂದು ಬೇಸರದ ಕೆಲಸ ಇರುತ್ತದೆ. ಈಗಾಗಲೇ ಇರುವ ಪ್ಯಾಕೇಜುಗಳ ಮೂಲ ಕೋಡ್ ತೆಗೆದುಕೊಂಡು, ಇವತ್ತಿನ ವ್ಯವಸ್ಥೆಯಲ್ಲಿ ಮತ್ತೆ ಬಿಲ್ಡ್ ಆಗುತ್ತಾ ಅಂತ ನೋಡೋದು. ಆಗದಿದ್ದರೆ ಅದಕ್ಕೆ 'ಎಫ್‌ಟಿಬಿಎಫ್‌ಎಸ್' ಅಂತ ಹೆಸರು. ಅದು ಗಂಭೀರ ಬಗ್. ಸರಿಹೋಗದಿದ್ದರೆ ಆ ಪ್ಯಾಕೇಜ್ ಬಿಡುಗಡೆಯಿಂದಲೇ ಹೊರಗೆ ಬೀಳಬಹುದು. ಇಡೀ ಭಂಡಾರವನ್ನು ದೊಡ್ಡ ಯಂತ್ರ ಇದ್ದವರು ಮಾಡುತ್ತಾರೆ. ನಾನು ಮಾಡೋದು ನನಗೆ ಗೊತ್ತಿರುವ ಒಂದಷ್ಟು ಸಣ್ಣ ಪ್ಯಾಕೇಜುಗಳನ್ನು, ಹಳೆ ಡೆಸ್ಕ್‌ಟಾಪಿನಲ್ಲಿ.

ನಮ್ಮೂರಿನ ನೆಟ್‌ವರ್ಕ್ ನಂಬಿಕೊಂಡು ಈ ಕೆಲಸ ಹೇಗೆ ಅಂತ ಕೇಳಬಹುದು. ಬೇಕಾದ್ದನ್ನೆಲ್ಲ ಶಿವಮೊಗ್ಗಕ್ಕೆ ಹೋದಾಗ ಹಾರ್ಡ್ ಡಿಸ್ಕಿಗೆ ತುಂಬಿಸಿಕೊಂಡು ಬರುತ್ತೇನೆ. ಅಲ್ಲದೆ ಬಿಲ್ಡ್ ನಡೆಯುವಾಗ ಪ್ಯಾಕೇಜ್ ಇಂಟರ್ನೆಟ್ ಮುಟ್ಟಲೇಬಾರದು ಅಂತ ಡೆಬಿಯನ್‌ನಲ್ಲಿ ನಿಯಮವಿದೆ. ಮಲೆನಾಡಿಗೆ ಅಂತಲೇ ಮಾಡಿದ ಹಾಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಪಟ್ಟಿಯಲ್ಲಿ 23 ಕೆಂಪು, ಅಂದರೆ ಬಿಲ್ಡ್ ಆಗದೆ ಬಿದ್ದವು.

ಕೆಂಪು ಕಂಡ ಕೂಡಲೇ ಬಗ್ ಬರೆಯುವ ಚಟ ನನಗೆ ಮೊದಲು ಇತ್ತು. ಅದು ಬಿಟ್ಟುಹೋಗಿದ್ದು ಒಂದು ಅವಮಾನದಿಂದ. ಎರಡು ವರ್ಷದ ಹಿಂದೆ ದೊಡ್ಡದೊಂದು ಸಿ ಪ್ಲಸ್ ಪ್ಲಸ್ ಪ್ಯಾಕೇಜ್ ಬಿಲ್ಡ್ ಆಗುತ್ತಿಲ್ಲ ಅಂತ ಜೋರಾಗಿ ಬರೆದು ಕಳಿಸಿದ್ದೆ. ಅದನ್ನು ನೋಡಿಕೊಳ್ಳುವ ಮೇಂಟೇನರ್ ತುಂಬ ಮರ್ಯಾದೆಯಿಂದ ಉತ್ತರ ಬರೆದರು: ನಿಮ್ಮ ಲಾಗ್‌ನ ಕೊನೆಯಿಂದ ಆರನೇ ಸಾಲಿನಲ್ಲಿ 'ಕಿಲ್ಡ್' ಅಂತಿದೆ, ನಿಮ್ಮ ಯಂತ್ರದಲ್ಲಿ ಮೆಮೊರಿ ಎಷ್ಟಿದೆ? ಇದ್ದದ್ದು 8 ಜಿಬಿ. ಅದೂ ಸಾಲದೆ, ಯಂತ್ರದ ಮೆಮೊರಿ ನೋಡಿಕೊಳ್ಳುವ ಕರ್ನಲ್ಲೇ, ಕೋಡನ್ನು ಪ್ರೋಗ್ರಾಮಾಗಿ ಮಾಡುವ ಕಂಪೈಲರನ್ನು ಕೊಂದು ಹಾಕಿತ್ತು. ಬೈದಿದ್ದರೂ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಅವತ್ತಿನಿಂದ ಮೊದಲು ಕೇಳಿಕೊಳ್ಳೋದು, ಈ ತಪ್ಪು ಯಾರದ್ದು ಅಂತ.

ಹಾಗೆ ನೋಡುತ್ತಾ ಹೋದರೆ 23 ಬೇಗ ಕರಗಿತು. ಆರು ನನ್ನದೇ ತಪ್ಪು. ಡಿಸ್ಕ್ ತುಂಬಿತ್ತು, 'ನೋ ಸ್ಪೇಸ್ ಲೆಫ್ಟ್' ಅಂತ ಲಾಗ್ ಅರಚಿಕೊಂಡಿತ್ತು. ಹದಿಮೂರು ಒಂದೇ ಲೈಬ್ರರಿಯ ಬಾಲ ಹಿಡಿದವು. ಅದೊಂದು ಬಿದ್ದಿದ್ದಕ್ಕೆ ಅದನ್ನು ನಂಬಿದವೆಲ್ಲ ಶುರುವೇ ಆಗಿರಲಿಲ್ಲ. ಆ ಲೈಬ್ರರಿಯ ಬಗ್ ಆಗಲೇ ದಾಖಲಾಗಿತ್ತು, ಅದನ್ನು ಸರಿಮಾಡುವ ಪ್ಯಾಚ್ ಕೂಡ ಇತ್ತು. ಇನ್ನೆರಡು ಹಳೇ ಸಿ ಕೋಡ್. ಮೊದಲೇ ಘೋಷಿಸದೆ, ಹೇಳದೇ ಕೇಳದೇ ಫಂಕ್ಷನ್ ಕರೆಯೋದನ್ನು ಮೊದಲೆಲ್ಲ ಕಂಪೈಲರ್ ಗೊಣಗಿ ಬಿಟ್ಟುಬಿಡುತ್ತಿತ್ತು. 2024ರಲ್ಲಿ ಬಂದ ಜಿಸಿಸಿ ಕಂಪೈಲರಿನ 14ನೇ ಆವೃತ್ತಿಯಿಂದ ಅದು ಎರರ್. ಇಂಥವನ್ನು ಸರಿಮಾಡೋದು ಒಂದು ಸಾಲಿನ ಕೆಲಸ, ಬರೆಯುವಂಥದ್ದೇನೂ ಇಲ್ಲ. ಮತ್ತೊಂದು ಸುಮ್ನೆ ಇನ್ನೊಮ್ಮೆ ಓಡಿಸಿದ್ದಕ್ಕೆ ಹಸಿರಾಯಿತು. ಇಂಥವನ್ನು ಕಂಡರೆ ನನಗಾಗದು. ಅದು ಗುಣವಾಗಿಲ್ಲ, ಅಡಗಿಕೊಂಡಿದೆ. ಹೆಸರು ಬರೆದಿಟ್ಟುಕೊಂಡೆ.

ಉಳಿದಿದ್ದು ಒಂದು. ಜಾಲದ ಸಂಪರ್ಕಕ್ಕೆ ಬಳಸುವ ಸಣ್ಣ ಪ್ಯಾಕೇಜ್. ಕಂಪೈಲ್ ಸರಿಯಾಗಿಯೇ ಆಗಿತ್ತು. ಆಮೇಲೆ ನಡೆಯುವ ಪರೀಕ್ಷೆಗಳಲ್ಲಿ ಒಂದು ಬಿದ್ದಿತ್ತು. ಲಾಗ್‌ನಲ್ಲಿ ಇದ್ದದ್ದು ಇಷ್ಟೇ: 0 ಬರಬೇಕಿತ್ತು, 1 ಬಂತು. ಜೂನ್ ಕೊನೆಯಲ್ಲಿ ಇದೇ ಯಂತ್ರದಲ್ಲಿ ಇದೇ ಪ್ಯಾಕೇಜ್ ಹಸಿರಾಗಿತ್ತು. ಅದರ ಕೋಡ್ ಬದಲಾಗಿಲ್ಲ. ಕಂಪೈಲರ್ ಬದಲಾಗಿಲ್ಲ. ಅದು ನಂಬಿದ ಲೈಬ್ರರಿಗಳ ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ, ಒಂದಕ್ಷರ ವ್ಯತ್ಯಾಸ ಇಲ್ಲ. ಮೇ ತಿಂಗಳಿಂದ, ಬಿಡುಗಡೆಗೆ ಮುಂಚೆ ಬದಲಾವಣೆಗಳಿಗೆ ಕಡಿವಾಣ ಹಾಕುವ ಹಾರ್ಡ್ ಫ್ರೀಜ್ ಬೇರೆ, ಬದಲಾಗುವುದಾದರೂ ಹೇಗೆ?

ಅಷ್ಟೊತ್ತಿಗೆ ಕರೆಂಟ್ ಹೋಯ್ತು. ಇನ್ವರ್ಟರಿನ ಮೇಲೆ ಎರಡು ತಾಸು ನಡೆಯುತ್ತದೆ. ಅಪ್ಪಯ್ಯ ತೋಟದಿಂದ ಬಂದು ಕಂಬಳಿಕೊಪ್ಪೆ ಕೊಡವಿ ಜಗಲಿಯಲ್ಲಿ ಕೂತರು. ಕೈಯಲ್ಲಿ ಬಿದ್ದ ಅಡಕೆ ಒಂದು ಮುಷ್ಟಿ. ಮೈಲುತುತ್ತ, ಸುಣ್ಣ ತಂದಿಟ್ಟು ಅಡಕೆಯ ಕೊಳೆರೋಗಕ್ಕೆ ಎರಡನೇ ಸಲ ಔಷಧಿ ಹೊಡೆಸಲು ಕಾಯುತ್ತಿದ್ದರು. ಮಳೆ ಹೊಳವಾಗದೆ ಕೊನೆಗಾರ ಮರ ಹತ್ತುವ ಹಾಗಿಲ್ಲ.

"ಎಂತದಾ ಅದು, ರಾತ್ರಿಯೆಲ್ಲ ಗುಂಯ್ ಅಂತಿತ್ತು?"

ಹೇಳಿದೆ. ಸಾಫ್ಟ್‌ವೇರ್ ಮತ್ತೆ ಕಟ್ಟಕ್ಕೆ ಆಗುತ್ತಿಲ್ಲ ಅಪ್ಪಯ್ಯ, ಅಂತ.

"ಮೊದಲೇ ಕಟ್ಟಿದ್ದು ಓಡ್ತಾ ಇದ್ಯಾ?"

"ಅದು ಓಡ್ತಾ ಇದೆ."

"ಮತ್ತೆಂತಕ್ಕೆ?"

ಎಷ್ಟೋ ಜನ ಓದಿದವರೇ ಕೇಳುವ ಪ್ರಶ್ನೆ ಇದು. ಟ್ರಿಕ್ಸಿ ಒಮ್ಮೆ ಹೊರಬಂದರೆ ಐದು ವರ್ಷ ಅದಕ್ಕೆ ಸುರಕ್ಷತೆಯ ತಿದ್ದುಪಡಿ ಸಿಗಬೇಕು. ಮುಂದೆ ಒಂದು ದಿನ ಈ ಪ್ಯಾಕೇಜಿನಲ್ಲಿ ತೂತು ಸಿಕ್ಕಿತು ಅನ್ನಿ. ಎರಡು ಸಾಲು ತಿದ್ದಿ ಕೂಡಲೇ ಬಿಲ್ಡ್ ಮಾಡಿ ಹಂಚಬೇಕು. ಆ ಗಡಿಬಿಡಿಯಲ್ಲಿ ಕೂತವನಿಗೆ, ತನ್ನದಲ್ಲದ ಯಾವುದೋ ಪರೀಕ್ಷೆ ಬಿದ್ದು ಬಿಲ್ಡೇ ನಿಂತರೆ? ಅಪ್ಪಯ್ಯನಿಗೆ ಇಷ್ಟುದ್ದ ಹೇಳಲಿಲ್ಲ. "ನಾಳೆ ರಿಪೇರಿಗೆ ಬಂದ್ರೆ ಬಿಚ್ಚಕ್ಕಾಗಲ್ಲ" ಅಂದೆ. ಪಂಪ್‌ಸೆಟ್ ಇಟ್ಟುಕೊಂಡವರಿಗೆ ಅದು ಬೇಗ ಅರ್ಥವಾಗುತ್ತದೆ. ಅವರು ಮುಷ್ಟಿ ಬಿಚ್ಚಿ ಅಡಕೆಯೊಂದನ್ನು ತಿರುಗಿಸಿ ನೋಡುತ್ತಾ, "ನೀನಂತೂ ಮುಟ್ಟಿಲ್ಲ, ಅವರೂ ಮುಟ್ಟಿಲ್ಲ ಅಂತೀಯ. ಜೂನಿಂದ ಈಚೆಗೆ ಎಂತ ಬದಲಾತು ಹಂಗಾರೆ?" ಅಂದರು.

ಬದಲಾಗಿದ್ದು ತಾರೀಕು ಒಂದೇ.

ಒಳಗೆ ಓಡಿದೆ. ಫೇಕ್‌ಟೈಮ್ ಅಂತ ಒಂದು ಉಪಕರಣ ಇದೆ, ಓಡುವ ಪ್ರೋಗ್ರಾಮಿಗೆ ಸುಳ್ಳು ತಾರೀಕು ಹೇಳುತ್ತದೆ. ಇವತ್ತು ಜೂನ್ 20 ಅಂತ ಹೇಳಿಸಿ ಪರೀಕ್ಷೆ ಓಡಿಸಿದೆ. ಪಾಸು. ಜುಲೈ 14 ಅಂದೆ, ಫೇಲು. ಪರೀಕ್ಷೆಗೆ ಅಂತ ಕೋಡಿನ ಜೊತೆ ಒಂದು ಸರ್ಟಿಫಿಕೇಟ್ ಇಟ್ಟಿದ್ದರು, ಜಾಲದಲ್ಲಿ ಗುರುತು ಸಾಬೀತು ಮಾಡುವ, ಅವಧಿ ಇರುವ ಫೈಲ್ ಅದು. ತೆರೆದು ನೋಡಿದರೆ ಅಲ್ಲೇ ಇತ್ತು. ಯಾರೋ ಪುಣ್ಯಾತ್ಮರು ಅದನ್ನು ಮಾಡಿದ್ದು 2015ರ ಜುಲೈ 15ಕ್ಕೆ. ಹತ್ತು ವರ್ಷ ಬಾಳಲಿ ಅಂತ 3650 ದಿನ ಕೊಟ್ಟಿದ್ದಾರೆ. ನಡುವೆ 2016, 2020, 2024ರ ಫೆಬ್ರವರಿ 29ಗಳು ಮೂರು ದಿನ ತಿಂದುಹಾಕಿವೆ. ಹತ್ತು ವರ್ಷವೂ ತುಂಬದೆ ಜುಲೈ 12ಕ್ಕೇ ಅವಧಿ ಮುಗಿದಿತ್ತು. 2015ರಲ್ಲಿ ಹತ್ತು ವರ್ಷ ಅಂದರೆ ಯಾರಿಗೂ ಬಹಳ ದೂರವೇ ಕಂಡಿರುತ್ತದೆ, ಅಲ್ವಾ?

ಸರಿ ಮಾಡೋದು ಹೇಗೆ ಅನ್ನೋದರಲ್ಲೇ ಮಧ್ಯಾಹ್ನ ಕಳೆಯಿತು. ನೂರು ವರ್ಷ ಕೊಟ್ಟುಬಿಡೋಣ ಅನ್ನಿಸಿತು. ಆದರೆ ಹಳೆಯ 32 ಬಿಟ್ ಯಂತ್ರಗಳಿಗಿರುವ ಡೆಬಿಯನ್‌ನ ಐ386ನಲ್ಲಿ ಸಮಯ ಎಣಿಸೋದು ಇನ್ನೂ 32 ಬಿಟ್‌ನಲ್ಲೇ. 2038ರ ಜನವರಿ 19ಕ್ಕೆ ಅದರ ಎಣಿಕೆ ತುಂಬಿಹೋಗುತ್ತದೆ. ಅದರಾಚೆಯ ತಾರೀಕು ಕೊಟ್ಟು ಇನ್ನೊಂದು ಗಂಟು ಹಾಕೋದು ಬೇಡ. ನಿಜವಾಗಿ ಸರಿಯಾದ ದಾರಿ ಅಂದರೆ ಪರೀಕ್ಷೆ ನಡೆಯುವಾಗಲೇ ಹೊಸ ಸರ್ಟಿಫಿಕೇಟ್ ಮಾಡಿಕೊಳ್ಳೋದು. ಅದಕ್ಕೆ ಪರೀಕ್ಷೆಯ ಸ್ಕ್ರಿಪ್ಟೇ ಬದಲಾಗಬೇಕು, ಫ್ರೀಜ್ ಹೊತ್ತಿನಲ್ಲಿ ಅಷ್ಟು ಕೈಯಾಡಿಸೋದು ನನಗೆ ಹಿಡಿಸಲಿಲ್ಲ. ಮೂಲ ಲೇಖಕರಿಗೆ ಅದನ್ನು ಸಲಹೆಯಾಗಿ ಬರೆದೆ. ಡೆಬಿಯನ್‌ಗೆ ಮಾತ್ರ 2037ರವರೆಗಿನ ಹೊಸ ಸರ್ಟಿಫಿಕೇಟ್ ಹಾಕಿದ ಪ್ಯಾಚ್ ಮಾಡಿದೆ. ಮುಂದೂಡಿದ್ದು ಅಂದರೆ ಮುಂದೂಡಿದ್ದೇ. 2037ರಲ್ಲಿ ಯಾರೋ ಬೈದುಕೊಳ್ಳುತ್ತಾರೆ, ನಾನೇ ಆದರೂ ಆದೆ.

ಕಳಿಸಲು ಸಿಗ್ನಲ್ ಬೇಕಲ್ಲ. ಇನ್ವರ್ಟರ್ ಕೂಗುತ್ತಿತ್ತು, ಬಗ್‌ನ ವಿವರ ಲ್ಯಾಪ್‌ಟಾಪಿಗೆ ಹಾಕಿಕೊಂಡು ಕೊಡೆ ಹಿಡಿದು ದರೆ ಹತ್ತಿ ರಸ್ತೆಗೆ ಹೋದೆ. ಬಸ್‌ಸ್ಟಾಪಿನ ಮಾಡಿನ ಕೆಳಗೆ ಎರಡು ಕಡ್ಡಿ ಬರುತ್ತದೆ. ಉಂಬಳ ಒಂದು ಆಗಲೇ ಕಾಲಿಗೆ ಹತ್ತಿತ್ತು. ಮೂರನೇ ಪ್ರಯತ್ನಕ್ಕೆ ಮೇಲ್ ಹೋಯಿತು.

ವಾಪಸ್ ಬಂದಾಗ ಅಪ್ಪಯ್ಯ ಅಂಗಳದಲ್ಲಿ ನಿಂತು ಆಕಾಶ ನೋಡುತ್ತಿದ್ದರು. "ಸರಿ ಆಯ್ತನಾ?"

"ನಮ್ ಕಡೆಯಿಂದ ಆಯ್ತು. ಈ 27ರ ಒಳಗೆ ಅಲ್ಲಿ ಒಪ್ಪಬೇಕು. ಆಮೇಲೆ ಕಷ್ಟ."

"ಹೊಳವು ಸಿಗಬೇಕು ಅನ್ನು."

ಮೇಂಟೇನರ್ ನಾಲ್ಕನೇ ದಿನ ಪ್ಯಾಚ್ ತೆಗೆದುಕೊಂಡರು. ಔಷಧಿಗೆ ಹೊಳವು ಸಿಕ್ಕಿದ್ದು ಅದಕ್ಕೂ ಆಮೇಲೆ, ಅದೂ ಒಂದೂವರೆ ದಿನ. ಆಗಸ್ಟ್ 9ರ ಶನಿವಾರ ಟ್ರಿಕ್ಸಿ ಹೊರಬಂತು, ಸುಮಾರು 70 ಸಾವಿರ ಪ್ಯಾಕೇಜುಗಳೊಂದಿಗೆ. ಅವತ್ತು ನಮ್ಮಲ್ಲಿ ಕರೆಂಟ್ ಇರಲಿಲ್ಲ. ಸೋಮವಾರ ಬಂದಾಗ ಮೊದಲು ಓಡಿಸಿದ್ದು ಆ ಅಡಗಿಕೊಂಡಿದ್ದನ್ನು. ಹನ್ನೊಂದನೇ ಸಲಕ್ಕೆ ಕೆಂಪಾಯಿತು.