ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ

ನಮ್ಮ ಚಿಕ್ಕಪ್ಪ ಎದೆಯಲ್ಲಿದ್ದ ಗಂಟಿನ ವಿಷಯ ಎಂಟು ತಿಂಗಳು ಯಾರಿಗೂ ಹೇಳಿರಲಿಲ್ಲ. ಕಡಲೆಕಾಳಿನಷ್ಟು ದಪ್ಪ, ಎಡ ಮೊಲೆತೊಟ್ಟಿನ ಹಿಂದೆಯೇ, ಮುಟ್ಟಿದರೆ ಗಟ್ಟಿ. ನೋವಿಲ್ಲವಲ್ಲ ಅಂತ ಸುಮ್ನೆ ಇದ್ದುಬಿಟ್ಟರು. ಒಂದು ದಿನ ಅವರು ಬನಿಯನ್ ಬದಲಿಸುವಾಗ, ತೊಟ್ಟು ಒಳಕ್ಕೆ ಎಳೆದುಕೊಂಡಿದ್ದನ್ನು ಚಿಕ್ಕಮ್ಮ ನೋಡಿ ಗಾಬರಿಯಾದಾಗಲೇ ವಿಷಯ ಹೊರಗೆ ಬಂದಿದ್ದು.

ಗಂಡಸರಿಗೆ ಇದೆಲ್ಲಿ ಬರುತ್ತೆ ಅಂತ ಮನೆಯವರೆಲ್ಲ ಕೇಳಿದೆವು, ನಾನೂ ಕೇಳಿದೆ. ಬರುತ್ತದೆ. ಗಂಡಸರ ಎದೆಯಲ್ಲೂ ಸ್ವಲ್ಪ ಸ್ತನದ ಅಂಗಾಂಶ ಇರುತ್ತದೆ. ಒಟ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ಇವರ ಪಾಲು ಸುಮಾರು 1%, ಜಾಸ್ತಿ ಕಾಣಿಸುವುದು 60 ದಾಟಿದವರಲ್ಲಿ. ಅಪರೂಪ ಅಂತಲೇ ಯಾರೂ ಅನುಮಾನಪಡುವುದಿಲ್ಲ, ಜೊತೆಗೆ ನಾಚಿಕೆ ಬೇರೆ, ಹಾಗಾಗಿ ಗೊತ್ತಾಗುವಷ್ಟರಲ್ಲಿ ಎಷ್ಟೋ ಜನರಿಗೆ ಕಂಕುಳಿನ ಗ್ರಂಥಿಗಳಿಗೂ ಹಬ್ಬಿರುತ್ತದೆ.

ಗಾಯಕಿ ಬಿಯಾನ್ಸೆಯ ತಂದೆ ಮ್ಯಾಥ್ಯೂ ನೋಲ್ಸ್ 2019ರಲ್ಲಿ ತಮಗೆ ಈ ಕಾಯಿಲೆ ಬಂದಿದ್ದನ್ನು ಬಹಿರಂಗವಾಗಿ ಹೇಳಿದರು. ಅಂಗಿಯ ಮೇಲಿನ ಸಣ್ಣ ರಕ್ತದ ಚುಕ್ಕೆಗಳೇ ಅವರಿಗೆ ಸಿಕ್ಕ ಸುಳಿವು. ಅವರಲ್ಲಿ ಬಿಆರ್‌ಸಿಎ2 ಜೀನ್‌ನ ದೋಷವೂ ಇತ್ತು, ಸ್ತನ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುವ ದೋಷ ಅದು. ಈ ದೋಷ ತಂದೆಯಿಂದಲೋ ತಾಯಿಯಿಂದಲೋ ಗಂಡು ಮಕ್ಕಳಿಗೂ ಬರಬಹುದು, ಹೆಣ್ಣು ಮಕ್ಕಳಿಗೂ ಬರಬಹುದು. ನಿಮ್ಮ ತಾಯಿಗೋ ಅಕ್ಕನಿಗೋ ಸ್ತನ ಕ್ಯಾನ್ಸರ್ ಆಗಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

ಗಂಟು, ತೊಟ್ಟಿನಿಂದ ಸೋರುವ ದ್ರವ, ವಾಸಿಯಾಗದ ಹುಣ್ಣು, ಯಾವುದಿದ್ದರೂ ಕಾಯಬೇಡಿ, ದಯವಿಟ್ಟು. ಚಿಕ್ಕಪ್ಪನಿಗೆ ಆಪರೇಷನ್ ಆಯಿತು. ಕ್ಯಾನ್ಸರ್ ಮತ್ತೆ ಬರದಿರಲಿ ಅಂತ ಈಗ ದಿನಾ ಟಮಾಕ್ಸಿಫೆನ್ ಮಾತ್ರೆ ನುಂಗುತ್ತಾರೆ, ಸಿಕ್ಕ ಗಂಡಸರಿಗೆಲ್ಲ ಸ್ನಾನ ಮಾಡುವಾಗ ಎದೆ ಮುಟ್ಟಿ ನೋಡಿಕೊಳ್ಳಿ ಅಂತ ಹೇಳುತ್ತಾರೆ.