ಸೋಲಿಗ ವಿದ್ಯಾರ್ಥಿಗಳ ಇಂಟರ್ನ್‌ಶಿಪ್: ಟೇಪು ಎಲ್ಲಿ ಸುತ್ತಬೇಕು?

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರಿಗೆ 2011ರಲ್ಲೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಆದರೂ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಂಶೋಧನೆಗೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು, ಅದೇ ಪೋಡಿನ (ಸೋಲಿಗರ ಹಾಡಿಯ) ವಿದ್ಯಾರ್ಥಿಯಾದರೂ. ಕೊನೇ ಗಳಿಗೆಯಲ್ಲಿ ಅರ್ಜಿ ಹಾಕಿದರೆ ಇಂಟರ್ನ್‌ಶಿಪ್ಪೆಲ್ಲ ಪತ್ರ ಕಾಯುವುದರಲ್ಲೇ ಮುಗಿದೀತು. ಪೋಡಿನ ಹಿರಿಯರ ಒಪ್ಪಿಗೆಯೂ ಮೊದಲೇ ಇರಲಿ.

ಮರಗಳ ಸಮೀಕ್ಷೆಗೆ ಕಾಡಿನೊಳಗೆ 10 ಮೀಟರ್ ಬದಿಯ ಚೌಕ ಹಾಕಿದಾಗ ಕರ್ಣ ಅಳೆಯಿರಿ. 14.14 ಮೀಟರ್ ಬರದಿದ್ದರೆ ಚೌಕ ಸೊಟ್ಟಗಿದೆ. ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಅಂಟಿಸಬೇಡಿ, ಮಟ್ಟವಾಗಿ ಹಿಡಿಯಿರಿ. ಮರದ ಸುತ್ತಳತೆ 1.3 ಮೀಟರ್ ಎತ್ತರದಲ್ಲಿ. ಇಳಿಜಾರಾದರೆ ಮೇಲ್ಬದಿಯ ನೆಲದಿಂದ. ಅದಕ್ಕಿಂತ ಕೆಳಗೇ ಕವಲೊಡೆದಿದ್ದರೆ ಎರಡೂ ಕಾಂಡ ಬೇರೆ ಬೇರೆ ಬರೆಯಿರಿ. ಪದೇ ಪದೇ ಆಗುವ ಎಡವಟ್ಟು: ವ್ಯಾಸದ ಕಾಲಮ್ಮಿನಲ್ಲಿ ಸುತ್ತಳತೆ ಬರೆಯುವುದು. 3.14ರಿಂದ ಭಾಗಿಸದಿದ್ದರೆ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಹತ್ತು ಪಟ್ಟು ಉಬ್ಬುತ್ತದೆ.

ಲಂಟಾನ ಪೊದೆ ಕಂಡರೆ ಚೌಕವನ್ನು ಪಕ್ಕಕ್ಕೆ ಸರಿಸುವ ಆಸೆ ಎಲ್ಲರಿಗೂ ಬರುತ್ತದೆ. ಸರಿಸಿದರೆ ಲಂಟಾನವೇ ಇಲ್ಲದ ಕಾಡು ಕಾಗದದ ಮೇಲೆ ಹುಟ್ಟುತ್ತದೆ! ಮಚ್ಚು ಹಿಡಿದು ದಾರಿ ಮಾಡುವುದಕ್ಕೂ ಅನುಮತಿ ಕೇಳಿರಿ.

ನೆಲ್ಲಿಮರಕ್ಕೆ ಉಪ್ಪಿಲು (ಕೊಂಬೆಯ ಮೇಲೆ ಬೆಳೆಯುವ ಪರಾವಲಂಬಿ ಗಿಡ, ಬದನಿಕೆ) ಹಿಡಿದಿದೆಯೇ ಎಂಬುದಕ್ಕೆ ಹಾಳೆಯಲ್ಲಿ ಬೇರೆ ಕಾಲಮ್ಮು ಇರಲಿ. ತರಗು ಬೆಂಕಿ, ಅಂದರೆ ನೆಲದ ಒಣ ಎಲೆಗಳಿಗೆ ಹಚ್ಚುತ್ತಿದ್ದ ಬೆಂಕಿ, ಇದನ್ನು ಹತೋಟಿಯಲ್ಲಿಡುತ್ತಿತ್ತು ಎನ್ನುತ್ತಾರೆ ಸೋಲಿಗ ಹಿರಿಯರು. ಹೊರಗಿನಿಂದ ಬಂದವರ ಹಾಳೆಯಲ್ಲಿ ಈ ಪ್ರಶ್ನೆ ಸಾಮಾನ್ಯವಾಗಿ ಇರುವುದೇ ಇಲ್ಲ. ಮರದ ಹೆಸರು ಮೊದಲು ಸೋಲಿಗ ನುಡಿಯಲ್ಲೇ ಬರೆದುಕೊಳ್ಳಿ, ಲ್ಯಾಟಿನ್ ಹೆಸರು ಸಂಜೆ ತುಂಬಬಹುದು. ದೇವರ ಜಾಗ, ಜೇನುಬಂಡೆಗಳ ಜಿಪಿಎಸ್ ಗುರುತು ಮಾತ್ರ ವರದಿಗೆ ಹಾಕಬೇಡಿ.