ಮನೆಯಲ್ಲಿ ಭಟ್ಟಿ ಇಳಿಸುವ ಆಸೆಯೇ? ಜವಾರಿ ಗುಲಾಬಿ ತನ್ನಿ

ನಮ್ಮ ವಿಜಯಪುರದಲ್ಲಿ ಭಟ್ಟಿ ಅಂದ ಕೂಡಲೇ ಎಲ್ಲರಿಗೂ ಸಾರಾಯಿಯೇ ನೆನಪಾಗುತ್ತದೆ. ರಾಜ್ಯದಲ್ಲಿ ಸಾರಾಯಿ 2007ರಲ್ಲೇ ಬಂದ್ ಆಯಿತು. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮದ್ಯ ಇಳಿಸುವುದು ಅಪರಾಧ. ಆಲ್ಕೋಹಾಲ್ ಸುಮಾರು 78 ಡಿಗ್ರಿಗೇ ಕುದಿಯುತ್ತದೆ, ಅದರ ಆವಿಗೆ ಒಲೆಯ ಉರಿ ತಾಗಿದರೆ ಅಡುಗೆಮನೆ ಉಳಿಯುವುದಿಲ್ಲ. ಅದು ಬೇಡವೇ ಬೇಡ. ಭಟ್ಟಿಯ ಸೊಗಸು ನೋಡಬೇಕು ಅಂದರೆ ಗುಲಾಬಿ ನೀರು ಇಳಿಸಿ.

ಅಂಗಡಿ ಹೂವಿಗೆ ಔಷಧಿ ಹೊಡೆದಿರುತ್ತಾರೆ, ಅಲ್ವಾ? ನಾನು ಹಿತ್ತಲಿನ ಜವಾರಿ ಗುಲಾಬಿಯನ್ನೇ ಬಳಸುತ್ತೇನೆ. ದೊಡ್ಡ ಪಾತ್ರೆಯ ನಡುವೆ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಸ್ಟೀಲ್ ಬಟ್ಟಲು ಇಡಿ. ಸುತ್ತ ಎಸಳು ಹಾಕಿ, ಅವು ಮುಳುಗುವಷ್ಟು ನೀರು ಹಾಕಿ. ಮುಚ್ಚಳ ಬೋರಲು ಮುಚ್ಚಿ, ಮೇಲೆ ಐಸ್ ತುಂಬಿ. ಆವಿ ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ. ಆ ಹನಿ ಹಿಡಿಕೆಯವರೆಗೆ ಜಾರಿ, ಅಲ್ಲೇ ಸ್ವಲ್ಪ ದಪ್ಪಗಾಗಿ, ಟಪ್ಪಂತ ಬಟ್ಟಲಿಗೆ ಬೀಳುತ್ತದೆ. ನನಗೆ ಇದನ್ನು ಎಷ್ಟು ಸಲ ನೋಡಿದರೂ ಸಾಲದು!

ಉರಿ ಸಣ್ಣದಿರಲಿ. ಮೊದಮೊದಲು ಇಳಿಯುವ ನೀರಿಗೇ ಘಮ ಜಾಸ್ತಿ. ಆಗಾಗ ಚಮಚದಲ್ಲಿ ತೆಗೆದು ಮೂಸಿ ನೋಡಿ. ಬೇಯಿಸಿದ ಸೊಪ್ಪಿನ ವಾಸನೆ ಬಂದರೆ ಒಲೆ ಆರಿಸಿ. ಗಾಜಿನ ಬಾಟಲಿಯನ್ನು ನೀರಿನಲ್ಲಿ ಕುದಿಸಿ ಒಣಗಿಸಿಕೊಂಡು, ಬಟ್ಟಲಿನ ಗುಲಾಬಿ ನೀರನ್ನು ಅದಕ್ಕೆ ತುಂಬಿ ಫ್ರಿಜ್‌ನಲ್ಲಿಡಿ.